ನಿದ್ದೆ ಮಾಡೋಣ ಅಂದ್ರೆ ತ್ರೀ ಫೇಸ್ ಬರುತ್ತೆ

ಈ ಎಪಿಸೋಡನ್ನ ರಾತ್ರಿ ಹನ್ನೊಂದರ ಮೇಲೆ ಹಾಸಿಗೆಯಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ಪರವಾಗಿಲ್ಲ, ಬೈಯೋದಿಲ್ಲ. ಸ್ಕ್ರೀನ್ ಮಾತ್ರ ಆಫ್ ಮಾಡಿ. ಮಾತು ಕೇಳೋದಕ್ಕೆ ಬೆಳಕು ಬೇಡ.

ಇವತ್ತಿನ ವಿಷಯ ನಿದ್ದೆ. ನಿದ್ದೆ ಬಗ್ಗೆ ಸಲಹೆಗೆ ಬರ ಇಲ್ಲ. ರೀಲ್ಸ್ ತೆಗೆದ್ರೆ ಸಾಕು. ಹತ್ತು ಗಂಟೆಗೆ ಮಲಗಿ, ಬಿಸಿ ಹಾಲು ಕುಡೀರಿ, ಫೋನನ್ನ ಬೇರೆ ರೂಮಲ್ಲಿಡಿ, ಎಂಟು ಗಂಟೆ ಎದ್ದೇಳಬೇಡಿ. ಇದ್ಯಾವುದೂ ಸುಳ್ಳಲ್ಲ. ಆದರೆ ಹೇಳೋರು ಒಂದು ವಿಷಯ ತಾವೇ ಊಹೆ ಮಾಡ್ಕೊಂಡಿರ್ತಾರೆ: ರಾತ್ರಿ ಅನ್ನೋದು ನಿಮ್ಮ ಕೈಯಲ್ಲಿದೆ ಅಂತ. ನಮ್ಮ ತುಮಕೂರು ಕಡೆ ಎಷ್ಟು ಜನರಿಗೆ ರಾತ್ರಿ ಅವರ ಕೈಯಲ್ಲಿದೆ ಹೇಳಿ?

ಗುಬ್ಬಿ ಕಡೆ ಅಡಿಕೆ, ತೆಂಗಿನ ತೋಟ ಇರೋ ಮನೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅನ್ನೋದು ಸರ್ಕಾರದ ಲೆಕ್ಕ. ಆ 7 ಗಂಟೆ ಒಂದೇ ಸಲಕ್ಕೆ, ಅದೂ ಹಗಲಲ್ಲೇ ಸಿಗುತ್ತೆ ಅನ್ನೋ ಹಾಗಿಲ್ಲ. ಹಗಲು ಸ್ವಲ್ಪ, ರಾತ್ರಿ ಸ್ವಲ್ಪ ಅಂತ ಹಂಚಿಕೆಯಾದ ಫೀಡರ್ ಆದ್ರೆ ಮನೆಯಲ್ಲಿ ಒಬ್ಬರು ಎದ್ದೇ ಏಳಬೇಕು. ಬ್ಯಾಟರಿ ಹಿಡ್ಕೊಂಡು ಹೋಗಿ ಮೋಟಾರ್ ಆನ್ ಮಾಡಬೇಕು, ಗೇಟ್ ವಾಲ್ವ್ ತಿರುಗಿಸಬೇಕು, ಮತ್ತೆ ಬಂದು ಮಲಗಬೇಕು. ಬೇಸಿಗೆಯಲ್ಲಿ ಇದು ತಿಂಗಳುಗಟ್ಟಲೆ ನಡೆಯುತ್ತೆ. ಆ ಹೊತ್ತಲ್ಲಿ ತೋಟಕ್ಕೆ ಹೋಗೋದು ಅಂದ್ರೆ ಹಾವಿನ ಭಯ ಒಂದೇ ಅಲ್ಲ. 2019ರ ಕೊನೆ, 2020ರ ಶುರುವಿನಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಭಯ ಇಟ್ಕೊಂಡು ಹೋಗಿ ಬಂದವನಿಗೆ ತಲೆ ದಿಂಬಿಗೆ ಇಟ್ಟ ಕೂಡಲೇ ನಿದ್ದೆ ಬರುತ್ತಾ? ಎದೆ ಡವಡವ ಅಂತಿರುತ್ತೆ, ಒಂದು ಗಂಟೆ ಹಾಗೇ ಹೋಗುತ್ತೆ.

ಈಗ ಹುಡುಗರು ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ಸಿಮ್ ಹಾಕಿದ ಡಬ್ಬ. ಕರೆಂಟ್ ಬಂದ ತಕ್ಷಣ ನಿಮ್ಮ ಫೋನಿಗೆ ಕಾಲ್ ಬರುತ್ತೆ, ಮಲಗಿದಲ್ಲೇ ಮೋಟಾರ್ ಆನ್. ಒಳ್ಳೇದೇ. ಆದರೆ ಈಗ ಫೋನು ದಿಂಬಿನ ಪಕ್ಕಕ್ಕೇ ಬಂತು. ಕಾಲ್ ಬಂತು, ಬಟನ್ ಒತ್ತಿದ್ರಿ, ಅಷ್ಟಕ್ಕೆ ಬಿಡ್ತೀರಾ? ವಾಟ್ಸಾಪಲ್ಲಿ ಏನೋ ಬಂದಿದೆ, ನೋಡೋಣ ಅಂತೀರಿ. ಅಲ್ಲಿಂದ ಇನ್‌ಸ್ಟಾ. ನೋಡಿದ್ರೆ ಎರಡೂಮುಕ್ಕಾಲು. ಇದಕ್ಕೊಂದು ಉಪಾಯ ಫೋನಲ್ಲೇ ಇದೆ. 'ಡು ನಾಟ್ ಡಿಸ್ಟರ್ಬ್' ಆನ್ ಮಾಡಿ, ಸ್ಟಾರ್ಟರ್ ಸಿಮ್ಮಿನ ನಂಬರ್ ಮತ್ತು ಮನೆಯವರ ನಂಬರ್‌ಗಳಿಗೆ ಮಾತ್ರ ಪರ್ಮಿಷನ್ ಕೊಡಿ. ಫೋನನ್ನ ಕೈಗೆ ಸಿಗೋ ಹಾಗೆ ಇಡಬೇಡಿ, ನಾಲ್ಕು ಹೆಜ್ಜೆ ದೂರ ಕಿಟಕಿ ಮೇಲಿಡಿ, ರಿಂಗ್ ಜೋರಾಗಿರಲಿ. ಎದ್ದು ನಿಂತ್ಕೊಂಡು ರೀಲ್ಸ್ ನೋಡೋ ಉತ್ಸಾಹ ರಾತ್ರಿ ಒಂದೂವರೆಗೆ ಯಾರಿಗೂ ಇರಲ್ಲ.

ಆಟೋ ಸ್ಟಾರ್ಟರ್ ಹಾಕಿಬಿಟ್ರೆ ಎದ್ದೇಳೋದೇ ಬೇಡವಲ್ಲ ಅಂತ ಕೆಲವರು ಕೇಳ್ತಾರೆ. ಕರೆಂಟ್ ಬಂದ ಕ್ಷಣಕ್ಕೆ ಊರಿನ ಮೋಟಾರ್‌ಗಳೆಲ್ಲ ಒಟ್ಟಿಗೆ ಎದ್ದು ಕೂತ್ರೆ ಟಿಸಿ ತಡೆಯಲ್ಲ. ಟಿಸಿ ಸುಟ್ಟರೆ ಆಮೇಲೆ ಇಡೀ ಊರಿಗೇ ನಿದ್ದೆ ಇಲ್ಲ.

ಇಲ್ಲಿ ನನಗೆ ಒಂದು ವಿಷಯ ಸಮಾಧಾನ ಆಗಲ್ಲ, ಹೇಳಿಬಿಡ್ತೀನಿ. ಇದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಸಾಮರ್ಥ್ಯ 2,000 ಮೆಗಾವ್ಯಾಟ್‌ಗೂ ಸ್ವಲ್ಪ ಜಾಸ್ತಿ. ಕರೆಂಟ್ ಹುಟ್ಟೋದು ಹಗಲಲ್ಲಿ. ಪಕ್ಕದ ತಾಲ್ಲೂಕಿನ ರೈತ ನೀರು ಹಾಯಿಸೋದು ರಾತ್ರಿಯಲ್ಲಿ! ಫೀಡರ್‌ಗಳನ್ನೇ ಸೋಲಾರ್‌ಗೆ ಜೋಡಿಸಿ ಹಗಲು ಹೊತ್ತೇ ಪಂಪ್‌ಸೆಟ್‌ಗೆ ಕರೆಂಟ್ ಕೊಡಬೇಕು ಅನ್ನೋ ಕುಸುಮ್ ಸಿ ಯೋಜನೆ ಇದೆ, ಕೆಲಸವೂ ನಡೀತಿದೆ. ಅದರ ಲಾಭ ಹೇಳುವಾಗ ಯೂನಿಟ್ಟು, ಸಬ್ಸಿಡಿ, ಕೋಟಿ ಲೆಕ್ಕ ಎಲ್ಲ ಹೇಳ್ತಾರೆ. ನಿದ್ದೆಯ ಲೆಕ್ಕವನ್ನೂ ಅದರಲ್ಲಿ ಸೇರಿಸಬೇಕು ಅನ್ನೋದು ನನ್ನ ವಾದ. ಗ್ರಾಮಸಭೆಯಲ್ಲಿ ಕೇಳೋಕೆ ಇದು ಸಣ್ಣ ವಿಷಯ ಏನಲ್ಲ.

ಸರಿ, ನಿದ್ದೆ ಬರೋದು ಹೇಗೆ ಅಂತ ಸ್ವಲ್ಪ ನೋಡೋಣ. ಮೈಯಲ್ಲಿ ಎರಡು ಕೆಲಸ ನಡೀತಿರುತ್ತೆ. ಒಂದು, ಎಚ್ಚರ ಇದ್ದಷ್ಟೂ ಹೊತ್ತು ಮಿದುಳಲ್ಲಿ ಅಡೆನೋಸಿನ್ ಅನ್ನೋದು ಸೇರ್ತಾ ಹೋಗುತ್ತೆ, ಅದು ಜಾಸ್ತಿ ಆದಷ್ಟೂ ಕಣ್ಣು ಎಳೆಯುತ್ತೆ. ಕಾಫಿ ಅದನ್ನ ಕಡಿಮೆ ಮಾಡಲ್ಲ, ಅದರ ಜಾಗದಲ್ಲಿ ತಾನು ಹೋಗಿ ಕೂರುತ್ತೆ. ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕ್ತೀವಲ್ಲ, ಹಾಗೆ. ಆ ಟವೆಲ್ ಬೇಗ ಎದ್ದೇಳೋದೂ ಇಲ್ಲ: ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನ್ ಸುಮಾರು ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತೆ. ಎರಡನೇದು, ಒಳಗಿನ ಗಡಿಯಾರ. ಆ ಗಡಿಯಾರ ಜೀವಕೋಶದೊಳಗೆ ಹೇಗೆ ಓಡುತ್ತೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಅದಕ್ಕೆ ಕೀಲಿ ಕೊಡೋದು ಮುಖ್ಯವಾಗಿ ಬೆಳಕು. ಬೆಳಗಿನ ಬಿಸಿಲು ಗಡಿಯಾರವನ್ನ ಸರಿಯಾದ ಜಾಗಕ್ಕೆ ತರುತ್ತೆ, ರಾತ್ರಿಯ ಬೆಳಕು ಹಿಂದಕ್ಕೆ ತಳ್ಳುತ್ತೆ.

ಅಂದ್ರೆ ರಾತ್ರಿ ನಿಮ್ಮ ಕೈಯಲ್ಲಿ ಇಲ್ಲದಿದ್ರೂ ಬೆಳಗ್ಗೆ ಸ್ವಲ್ಪ ಇರುತ್ತೆ. ಮಧ್ಯದಲ್ಲಿ ಎದ್ದು ಮಲಗೋರಿಗೆ ತಜ್ಞರು ಹೇಳೋದು ಇದು: ದಿನಕ್ಕೆ ಒಂದು ನಾಲ್ಕು ಗಂಟೆ ಕಾಲ ಯಾವಾಗಲೂ ಒಂದೇ ಹೊತ್ತಿಗೆ ಮಲಗಿ. ಹಸು ಎಷ್ಟೇ ಸುತ್ತಾಡಿದ್ರೂ ಗೂಟ ಒಂದೇ ಕಡೆ ಇರುತ್ತಲ್ಲ, ಹಾಗೆ. ರಾತ್ರಿ ಒಂದಕ್ಕೆ ಕರೆಂಟ್ ಬರೋದಾದ್ರೆ ಎಂಟೂವರೆಯಿಂದ ಹನ್ನೆರಡೂವರೆ ಅಂತ ಗೂಟ ಹೊಡೆದುಬಿಡಿ. ಬಾಕಿ ನಿದ್ದೆಯನ್ನ ಬೆಳಗಿನ ಜಾವ, ಮಧ್ಯಾಹ್ನ ಊಟ ಆದ್ಮೇಲೆ ತುಂಬಿಸ್ಕೊಳ್ಳಿ. ಮಧ್ಯಾಹ್ನ ಮಲಗಿದ ಅಪ್ಪನನ್ನ ನೋಡಿ ಸೋಮಾರಿತನ ಅನ್ನಬೇಡಿ. ಅವರು ಸಾಲ ತೀರಿಸ್ತಾ ಇದ್ದಾರೆ.

ಈಗ ವಸಂತನರಸಾಪುರದ ಕಡೆ ಬರೋಣ. ಶಿಫ್ಟಲ್ಲಿ ಕೆಲಸ ಮಾಡೋ ಎಷ್ಟೋ ಹುಡುಗರು ಗುಬ್ಬಿ, ಕುಣಿಗಲ್, ಕೊರಟಗೆರೆ ಹಳ್ಳಿಗಳಿಂದ ಬೈಕಲ್ಲೇ ಓಡಾಡ್ತಾರೆ. ನೈಟ್ ಶಿಫ್ಟಿನ ಮೊದಲ ದಿನ ನೋಡಿ. ಬೆಳಗ್ಗೆ ಏಳಕ್ಕೆ ಎದ್ದಿರ್ತೀರಿ, ಹಗಲು ಮನೆ ಕೆಲಸ, ರಾತ್ರಿ ಹತ್ತಕ್ಕೆ ಡ್ಯೂಟಿ, ಬೆಳಗ್ಗೆ ಆರಕ್ಕೆ ಬಿಟ್ರು. ಅಲ್ಲಿಗೆ 23 ಗಂಟೆ ಎಚ್ಚರ. 2000ದಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಂಶೋಧನೆ ಪ್ರಕಾರ, 17ರಿಂದ 19 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಚುರುಕು, 100 ಎಂಎಲ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇರೋರ ಮಟ್ಟಕ್ಕೆ ಇಳಿಯುತ್ತೆ. ನಮ್ಮ ದೇಶದಲ್ಲಿ ಗಾಡಿ ಓಡಿಸೋಕೆ ಮಿತಿ 30 ಮಿಲಿಗ್ರಾಂ. ನಿದ್ದೆಗೆಟ್ಟವನನ್ನ ಹಿಡಿಯೋ ಮೆಷಿನ್ ಪೊಲೀಸರ ಹತ್ರ ಇಲ್ಲ, ಅಷ್ಟೇ ವ್ಯತ್ಯಾಸ.

ಅದಕ್ಕೇ ಮೊದಲ ನೈಟ್ ಶಿಫ್ಟಿನ ದಿನ ಮಧ್ಯಾಹ್ನ ಒಂದೂವರೆ ಗಂಟೆಯಾದ್ರೂ ಮಲಗಿ ಹೋಗಿ. ಡ್ಯೂಟಿ ಮುಗಿದ್ಮೇಲೆ ಕಣ್ಣು ಎಳೀತಿದ್ರೆ ರೆಸ್ಟ್ ರೂಮಲ್ಲೋ ಕ್ಯಾಂಟೀನ್ ಬೆಂಚಲ್ಲೋ 20 ನಿಮಿಷ ತಲೆ ಒರಗಿಸಿ. ಸಾಧ್ಯ ಇದ್ರೆ ಬಸ್ ಹತ್ತಿ. ಬೈಕಲ್ಲಿ ತಂಗಾಳಿ ಬಡಿದ್ರೆ ನಿದ್ದೆ ಹೋಗುತ್ತೆ ಅನ್ನೋದನ್ನ ನಂಬಬೇಡಿ. ಮನೆಗೆ ಹೋದ್ಮೇಲೆ ರೂಮನ್ನ ಕತ್ತಲೆ ಮಾಡಿ, ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿದ್ರೂ ನಡೆಯುತ್ತೆ. ಮನೆಯವರಿಗೂ ಒಂದು ಮಾತು: ನೈಟ್ ಮುಗಿಸಿ ಮಲಗಿದವನನ್ನ ಹನ್ನೊಂದಕ್ಕೆ ಎಬ್ಬಿಸಿ ಸೊಸೈಟಿಗೆ ಕಳಿಸಬೇಡಿ. ನಿಮ್ಮನ್ನ ರಾತ್ರಿ ಎರಡಕ್ಕೆ ಎಬ್ಬಿಸಿ ರೇಷನ್ ತನ್ನಿ ಅಂದ ಹಾಗೆ ಅದು.

ಕುಣಿಗಲ್ ಅಂದ ಕೂಡಲೇ ಸ್ಟಡ್ ಫಾರ್ಮ್ ನೆನಪಾಗುತ್ತೆ. ಕುದುರೆ ನಿಂತೇ ನಿದ್ದೆ ಮಾಡುತ್ತೆ ಅಂತೀವಲ್ಲ, ಅದು ಅರ್ಧ ನಿಜ. ಕಾಲಿನ ಕೀಲುಗಳು ಲಾಕ್ ಆಗೋದ್ರಿಂದ ನಿಂತು ತೂಕಡಿಸುತ್ತೆ. ಆದರೆ ಕನಸು ಬೀಳೋ ಹಂತದ ನಿದ್ದೆಗೆ ಅದೂ ನೆಲಕ್ಕೆ ಒರಗಲೇಬೇಕು. ಭಯಕ್ಕೋ ನೋವಿಗೋ ದಿನಗಟ್ಟಲೆ ಒರಗದೇ ಇದ್ರೆ ನಿಂತಲ್ಲೇ ಕುಸಿಯುತ್ತೆ. ಬೆಳಗಿನ ಟ್ರೈನಲ್ಲಿ ಕಂಬಿ ಹಿಡ್ಕೊಂಡು ಬೆಂಗಳೂರಿನ ತನಕ ತೂಕಡಿಸಿ, 'ನಿದ್ದೆ ಆಯ್ತು ಬಿಡು ಮಗಾ' ಅನ್ನೋರಿಗೆ ಇದನ್ನ ಹೇಳಬೇಕು ಅನಿಸ್ತು.

ಇನ್ನು ನೈಂಟಿ ಹಾಕಿದ್ರೆ ನಿದ್ದೆ ಬರುತ್ತೆ ಅನ್ನೋರು. ಬರುತ್ತೆ, ಇಲ್ಲ ಅನ್ನಲ್ಲ. ಆದರೆ ಅದು ಇಳಿದ ಮೇಲೆ ರಾತ್ರಿಯ ಎರಡನೇ ಅರ್ಧ ಒಡೆದುಹೋಗುತ್ತೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತರೋದೂ ಬೇಡ. ನಿದ್ದೆಗೆ ಅಂತ ಅಲರ್ಜಿ ಮಾತ್ರೆ ನುಂಗೋದೂ ಬೇಡ. ಅದರ ಮಂಪರು ಮಾರನೇ ದಿನ ಬೈಕ್ ಹತ್ತಿದಾಗಲೂ ಇರಬಹುದು.

ಗೊರಕೆ ವಿಷಯ ಮಾತ್ರ ತಮಾಷೆ ಮಾಡಬೇಡಿ. ನಿಮ್ಮ ತಂದೆಯೋ ಅಣ್ಣನೋ ಜೋರಾಗಿ ಗೊರಕೆ ಹೊಡೀತಾ ಇದ್ದಕ್ಕಿದ್ದಂತೆ ನಿಲ್ಲಿಸಿ, ಉಸಿರು ಕಟ್ಟಿದ ಹಾಗಾಗಿ, ಮತ್ತೆ ಗಕ್ಕನೆ ಶುರು ಮಾಡಿದ್ರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ರಾತ್ರಿಯೆಲ್ಲ ಮಲಗಿಯೂ ಹಗಲು ತೂಗ್ತಾರೆ, ಬಿಪಿ ಹತೋಟಿಗೆ ಬರಲ್ಲ. ನಿಮ್ಮ ಫೋನಿಗೆ ಇಲ್ಲೊಂದು ಒಳ್ಳೆ ಕೆಲಸ ಇದೆ: ಎರಡು ನಿಮಿಷದ ಆಡಿಯೋ ರೆಕಾರ್ಡ್ ಮಾಡಿ, ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರಿಗೆ ಕೇಳಿಸಿ.

ವಾರಕ್ಕೆ ಮೂರು ರಾತ್ರಿಯಾದ್ರೂ ನಿದ್ದೆ ಬರದೆ ಮೂರು ತಿಂಗಳು ಆಗಿದ್ರೆ ಬಿಸಿ ಹಾಲಿನಿಂದ ಆಗೋ ಕೆಲಸ ಅಲ್ಲ, ಡಾಕ್ಟರ್ ಹತ್ರ ಹೋಗಿ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಮಲಗೋ ಅಭ್ಯಾಸವನ್ನೇ ಹಂತಹಂತವಾಗಿ ತಿದ್ದೋ ಥೆರಪಿ. ಫೋನ್ ಬಿಡೋಕೇ ಆಗ್ತಿಲ್ಲ ಅನ್ನೋರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದೆ. ರಾತ್ರಿ ಎರಡಕ್ಕೆ ತಲೆಯೊಳಗೆ ಯೋಚನೆ ಸುತ್ತುತ್ತಿದ್ದು ಯಾರ ಹತ್ರಾನೂ ಹೇಳ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಟೆಲಿ ಮನಸ್‌ಗೆ ಫೋನ್ ಮಾಡಿ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಆ ಹೊತ್ತಲ್ಲೂ ಎತ್ತುತ್ತಾರೆ.

ನಿಮ್ಮ ಫೀಡರ್‌ಗೆ ತ್ರೀ ಫೇಸ್ ಎಷ್ಟು ಗಂಟೆಗೆ ಬರುತ್ತೆ, ಮನೆಯಲ್ಲಿ ಯಾರು ಏಳ್ತಾರೆ ಅಂತ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಬೆಳಗ್ಗೆ ಎದ್ದ ಮೇಲೆ ಕಳಿಸಿ.