ಬೆದರಿಕೆಯ ಕರೆ ಬಂದಾಗ ಮೊದಲು ಮನೆಯವರಿಗೆ ಹೇಳಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣದ ಬರಹ ರೂಪ)





ವಿದ್ಯಾರ್ಥಿವೇತನದ ಹಣ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ. ಹಣ ಖಾತೆಗೆ ಸೇರುವವರೆಗೆ ಅದನ್ನು ಕಾಯುವುದು ನಮ್ಮ ಹೊಣೆ. ಸೇರಿದ ಮೇಲೆ ಅದು ನಿಮ್ಮ ಕೈಯಲ್ಲಿರುವ ಅಮಾನತು. ಒಂದೇ ಒಂದು ಫೋನ್ ಕರೆಯಿಂದ ಆ ಅಮಾನತು ಕೈಬಿಟ್ಟು ಹೋಗುವ ಕಾಲ ಇದು. ಆದ್ದರಿಂದ ಇವತ್ತು ಅಂಕಪಟ್ಟಿ, ಕೋರ್ಸುಗಳ ಮಾತು ಬಿಟ್ಟು ಈ ಕರೆಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

ಕರೆ ಹೀಗೆ ಬರುತ್ತದೆ. 'ಟ್ರಾಯ್‌ನಿಂದ ಮಾತನಾಡುತ್ತಿದ್ದೇವೆ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗುತ್ತದೆ, 9 ಒತ್ತಿ' ಎಂದು ಧ್ವನಿಮುದ್ರಿತ ಮಾತು ಕೇಳಿಸುತ್ತದೆ. ಇಲ್ಲವೇ ಕೊರಿಯರ್ ಕಂಪನಿಯವನೆಂದು ಹೇಳಿಕೊಳ್ಳುವವನು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು, ನಕಲಿ ಪಾಸ್‌ಪೋರ್ಟ್ ಸಿಕ್ಕಿದೆ ಎನ್ನುತ್ತಾನೆ. ಅಲ್ಲಿಂದ ಕರೆ 'ಮುಂಬೈ ಪೊಲೀಸ'ರಿಗೆ, ನಂತರ 'ಸಿಬಿಐ' ಅಥವಾ 'ಇ.ಡಿ.' ಅಧಿಕಾರಿಗೆ ವರ್ಗವಾಗುತ್ತದೆ. ವಿಡಿಯೊ ಕಾಲ್‌ನಲ್ಲಿ ಸಮವಸ್ತ್ರ ತೊಟ್ಟವನೊಬ್ಬ ಕಾಣಿಸುತ್ತಾನೆ, ಅವನ ಹಿಂದೆ ಠಾಣೆಯಂತೆ ಕಾಣುವ ಗೋಡೆ. ವಾಟ್ಸ್‌ಆ್ಯಪ್‌ಗೆ ಮೊಹರು ಹಾಕಿದ ವಾರಂಟ್ ಬರುತ್ತದೆ. 'ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ. ಕೋಣೆಯ ಬಾಗಿಲು ಹಾಕಿಕೊಳ್ಳಿ, ಕ್ಯಾಮೆರಾ ಆಫ್ ಮಾಡಬೇಡಿ, ಯಾರಿಗೂ ಹೇಳಬೇಡಿ. ನಿಮ್ಮ ಹಣವನ್ನು ಪರಿಶೀಲನೆಗಾಗಿ ರಿಸರ್ವ್ ಬ್ಯಾಂಕಿನ ಖಾತೆಗೆ ಹಾಕಿ, ನಿರಪರಾಧಿ ಎಂದಾದರೆ ವಾಪಸ್ ಬರುತ್ತದೆ' ಎನ್ನುತ್ತಾರೆ.

ಓದಿದವರು ಇದಕ್ಕೆ ಮೋಸ ಹೋಗುವುದಿಲ್ಲ ಎಂದು ಯಾರೂ ತಿಳಿಯಬಾರದು. 2024ರಲ್ಲಿ ಲೂಧಿಯಾನದ ಒಬ್ಬ ಹಿರಿಯ ಉದ್ಯಮಿಗೆ ವಿಡಿಯೊ ಕಾಲ್‌ನಲ್ಲಿ ಸುಪ್ರೀಂ ಕೋರ್ಟಿನ ನಕಲಿ ವಿಚಾರಣೆಯನ್ನೇ ತೋರಿಸಿ 7 ಕೋಟಿ ರೂಪಾಯಿ ಕಿತ್ತುಕೊಂಡರು. ಹರಿಯಾಣದ ಅಂಬಾಲದಲ್ಲಿ ವೃದ್ಧ ದಂಪತಿಗೆ ನಕಲಿ ಕೋರ್ಟ್ ಆದೇಶ ತೋರಿಸಿ 1 ಕೋಟಿ ರೂಪಾಯಿಗೂ ಹೆಚ್ಚು ಕಸಿದರು. ಆ ದಂಪತಿಯ ದೂರನ್ನು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಡಿಸೆಂಬರ್ 1ರಂದು ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು. ಡಿಜಿಟಲ್ ಅರೆಸ್ಟ್ ಎಂಬ ವ್ಯವಸ್ಥೆ ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದು ಪ್ರಧಾನಮಂತ್ರಿಗಳೂ 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಹೇಳಿದ್ದರು.

ಹಾಗಾದರೆ ನಿಜವಾದ ಕಾನೂನು ಹೇಗೆ ನಡೆದುಕೊಳ್ಳುತ್ತದೆ? ಇದನ್ನು ತಿಳಿದುಕೊಂಡರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ನಮ್ಮ ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೇ ಕಲಮು, ಬಂಧನದ ಸುದ್ದಿಯನ್ನು ಬಂಧಿತನ ಸಂಬಂಧಿಗೋ ಸ್ನೇಹಿತನಿಗೋ ತಿಳಿಸಲೇಬೇಕು ಎನ್ನುತ್ತದೆ. ಅಸಾಧಾರಣ ಸಂದರ್ಭ ಬಿಟ್ಟರೆ ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ಸಾಕ್ಷಿಯಾಗಿ ವಿಚಾರಿಸಬೇಕಾದರೆ ಮಹಿಳೆಯರನ್ನು, 60 ವರ್ಷ ದಾಟಿದವರನ್ನು, 15 ವರ್ಷದೊಳಗಿನ ಮಕ್ಕಳನ್ನು ಪೊಲೀಸರು ಅವರ ಮನೆಗೇ ಬಂದು ವಿಚಾರಿಸಬೇಕು. ಹಾಜರಾಗಲು ಪೊಲೀಸರು ಕೊಡುವ 35ನೇ ಕಲಮಿನ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ನಿರ್ದೇಶಿಸಿದೆ. ಇನ್ನು ರಿಸರ್ವ್ ಬ್ಯಾಂಕಿನ ವಿಷಯ. ಅದು ನಿಮ್ಮಂಥ, ನಮ್ಮಂಥ ಜನಸಾಮಾನ್ಯರ ಖಾತೆ ಇಟ್ಟುಕೊಳ್ಳುವುದೇ ಇಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಕಾನೂನು 'ಮನೆಯವರಿಗೆ ತಿಳಿಸಿ' ಎನ್ನುತ್ತದೆ. ಮೋಸಗಾರ 'ಯಾರಿಗೂ ತಿಳಿಸಬೇಡಿ' ಎನ್ನುತ್ತಾನೆ. ಅವನ ಸಮವಸ್ತ್ರ, ಮೊಹರು, ಭಾಷೆ ಎಲ್ಲವೂ ಅಸಲಿಯಂತೆಯೇ ಕಾಣಬಹುದು. ನಿಮ್ಮ ಹೆಸರು, ವಿಳಾಸ, ಆಧಾರ್ ನಂಬರಿನ ಕೊನೆಯ ನಾಲ್ಕು ಅಂಕಿಯೂ ಅವನಿಗೆ ಗೊತ್ತಿರಬಹುದು. ಅದರಲ್ಲಿ ಆಶ್ಚರ್ಯವಿಲ್ಲ. ಝೆರಾಕ್ಸ್ ಅಂಗಡಿ, ಸಿಮ್ ಅಂಗಡಿ, ಲಾಡ್ಜ್ ಎಂದು ಎಷ್ಟು ಕಡೆ ನಾವು ಆ ಕಾಗದಗಳನ್ನು ಕೊಟ್ಟು ಬಂದಿಲ್ಲ! ಆದರೆ ಗುಟ್ಟು ಕಾಪಾಡಿ ಎಂಬ ಅವನ ಆಜ್ಞೆಯನ್ನು ಮಾತ್ರ ಅವನು ಬಚ್ಚಿಡಲಾರ. ಅದೇ ಅವನ ಗುರುತು.

ನಮ್ಮ ಮನೆಗಳಲ್ಲಿ ಈ ಗುಟ್ಟು ಬೇಗ ನೆಲೆಯೂರುತ್ತದೆ ಎನ್ನುವುದನ್ನೂ ಒಪ್ಪಿಕೊಳ್ಳಬೇಕು. 'ಉಗ್ರರಿಗೆ ಹಣ ಕಳಿಸಿದ ಕೇಸಿನಲ್ಲಿ ನಿಮ್ಮ ಖಾತೆಯ ಹೆಸರಿದೆ' ಎಂಬ ಒಂದು ಮಾತು ಸಾಕು, ಅಮಾಯಕರ ಕೈಕಾಲು ನಡುಗುತ್ತದೆ. ಊರಿನಲ್ಲಿ ಮಾನ ಹೋಗುತ್ತದೆ, ಮಗಳ ಮದುವೆ ನಿಂತುಹೋಗುತ್ತದೆ, ಜಮಾಅತ್‌ನಲ್ಲಿ ಏನೆಂದುಕೊಳ್ಳುತ್ತಾರೆ ಎಂಬ ಅಂಜಿಕೆ. ದುಡಿಯುವವರು ಗಲ್ಫ್‌ನಲ್ಲಿದ್ದು ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರೆ ಭಯ ಇನ್ನೂ ಹೆಚ್ಚು. ಹಾಸ್ಟೆಲಿನಲ್ಲಿರುವ ಮಗನ ಹೆಸರು ಹಿಡಿದು, 'ಅತ್ಯಾಚಾರದ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಹಣ ಹಾಕಿದರೆ ಬಿಡುತ್ತೇವೆ' ಎಂದು ಅಳುವ ಧ್ವನಿ ಕೇಳಿಸುವ ಕರೆಗಳೂ ಬರುತ್ತವೆ. ಪೊಲೀಸ್ ಅಧಿಕಾರಿಯ ಫೋಟೋ ಹಾಕಿಕೊಂಡ ವಾಟ್ಸ್‌ಆ್ಯಪ್ ನಂಬರ್ ಅದು. ಎಷ್ಟೋ ಬಾರಿ ನಂಬರ್ +92 ಅಥವಾ ಬೇರೆ ಹೊರದೇಶದ ಸಂಖ್ಯೆಯಿಂದ ಆರಂಭವಾಗುತ್ತದೆ. ಅಂಥ ಹೊತ್ತಿನಲ್ಲಿ ಆ ಕರೆ ಕತ್ತರಿಸಿ ಮಗನಿಗೇ ಫೋನ್ ಮಾಡಿ. ಅವನು ಎತ್ತದಿದ್ದರೆ ವಾರ್ಡನ್‌ಗೆ, ಸ್ನೇಹಿತರಿಗೆ ಮಾಡಿ.

ಆದ್ದರಿಂದ ಮನೆಯಲ್ಲಿ ಇವತ್ತೇ ಒಂದು ಕಟ್ಟುಪಾಡು ಮಾಡಿಕೊಳ್ಳಿ. ಬೆದರಿಕೆಯ ಕರೆ ಯಾರಿಗೆ ಬಂದರೂ ಕತ್ತರಿಸಿ, ಮನೆಯ ಇನ್ನೊಬ್ಬರಿಗೆ ಹೇಳಿದ ಮೇಲೆಯೇ ಮುಂದಿನ ಮಾತು. ಹೀಗೆ ಕರೆ ಕತ್ತರಿಸುವುದು ಅಪರಾಧವಲ್ಲ. ಅನುಮಾನ ಉಳಿದರೆ ಹತ್ತಿರದ ಠಾಣೆಗೆ ನೀವೇ ಹೋಗಿ ಕೇಳಿ, ಅಥವಾ 112ಕ್ಕೆ ಫೋನ್ ಮಾಡಿ. ಅವರು ಕೊಟ್ಟ ನಂಬರಿಗೆ ವಾಪಸ್ ಮಾಡಬೇಡಿ. ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ, ಪರದೆ ಹಂಚಿಕೊಳ್ಳಬೇಡಿ, ಒಟಿಪಿ ಕೊಡಬೇಡಿ. ನಂಬರ್, ಸಂದೇಶ, ನಕಲಿ ವಾರಂಟ್‌ಗಳ ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಳ್ಳಿ. ಹಣ ಹೋಗಿರದಿದ್ದರೆ ಸಂಚಾರ್ ಸಾಥಿಯ 'ಚಕ್ಷು' ವಿಭಾಗದಲ್ಲಿ ಆ ನಂಬರಿನ ಬಗ್ಗೆ ವರದಿ ಮಾಡಬಹುದು.

ಹಣ ಹೋಗಿಬಿಟ್ಟಿದ್ದರೆ ಒಂದು ಕ್ಷಣವೂ ತಡ ಮಾಡದೆ 1930ಕ್ಕೆ ಕರೆ ಮಾಡಿ. ಯಾವ ಖಾತೆಯಿಂದ, ಎಷ್ಟು ಹೊತ್ತಿಗೆ, ಎಷ್ಟು ಹಣ, ವ್ಯವಹಾರದ ಸಂಖ್ಯೆ ಯಾವುದು ಎಂಬುದನ್ನು ಕೈಯಲ್ಲಿ ಇಟ್ಟುಕೊಂಡಿರಿ. ಮೋಸಗಾರರು ಹಣವನ್ನು ಒಂದು ಖಾತೆಯಿಂದ ಹತ್ತು ಖಾತೆಗೆ ಹರಿಬಿಡುತ್ತಾರೆ. ಅದು ಕೈಬದಲಾಗುವ ಮೊದಲೇ ಬ್ಯಾಂಕುಗಳಿಗೆ ತಿಳಿದರೆ ತಡೆಹಿಡಿಯುವ ಅವಕಾಶವಿರುತ್ತದೆ. ನಿಮ್ಮ ಬ್ಯಾಂಕಿಗೂ ತಿಳಿಸಿ, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಿ. ಮನೆಯವರಲ್ಲಿ ಒಂದು ವಿನಂತಿ: ಹಣ ಕಳೆದುಕೊಂಡವರನ್ನು ಆ ಹೊತ್ತಿನಲ್ಲಿ ಬೈಯಬೇಡಿ. ಬೈಗುಳಕ್ಕೆ ಹೆದರಿ ಅವರು ಎರಡು ದಿನ ಬಾಯಿ ಮುಚ್ಚಿಕೊಂಡರೆ ಗೆಲ್ಲುವವನು ಮೋಸಗಾರ.

ಹಾಗೆಂದು ಬಂದ ಪ್ರತಿಯೊಂದು ನೋಟಿಸೂ ಸುಳ್ಳು ಎಂದು ಹರಿದು ಹಾಕಬೇಡಿ. ಕೋರ್ಟಿನ ಸಮನ್ಸ್ ಈಗ ಎಲೆಕ್ಟ್ರಾನಿಕ್ ರೂಪದಲ್ಲೂ ಬರಲು ಅವಕಾಶವಿದೆ. ನಿಜವಾದ ಸಮನ್ಸ್‌ನಲ್ಲಿ ಯಾವ ದಿನ ಯಾವ ಕೋರ್ಟಿಗೆ ಬರಬೇಕು ಎಂದಿರುತ್ತದೆ, ಯಾವ ಖಾತೆಗೆ ಹಣ ಹಾಕಬೇಕು ಎಂದಿರುವುದಿಲ್ಲ. 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ತಾಣದಲ್ಲಿ ಅದನ್ನು ನೋಡಬಹುದು. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನಾಗಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಅದರ ಸಹಾಯವಾಣಿ 15100. ಸಾಲದ ಕಂತು ಬಾಕಿ ಇದ್ದವರಿಗೂ ಒಂದು ಮಾತು: ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು, ಬೆದರಿಸಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಈಗ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಒಂದು ಮಾತು. ಕಿತ್ತುಕೊಂಡ ಹಣ ಹೋಗಿ ಬೀಳುವುದು ಯಾರ ಖಾತೆಗೆ ಎಂದು ಯೋಚಿಸಿದ್ದೀರಾ? ಅನೇಕ ಬಾರಿ ಅದು ನಿಮ್ಮ ವಯಸ್ಸಿನ ಒಬ್ಬ ವಿದ್ಯಾರ್ಥಿಯ ಖಾತೆ. 'ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ' ಎಂದು ಪರಿಚಿತನೇ ಕೇಳುತ್ತಾನೆ. ಇಂಥ ಬಾಡಿಗೆ ಖಾತೆಯ ಜಾಡು ಹಿಡಿದು ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. ಆಗ ಬರುವ ಪೊಲೀಸರು ನಕಲಿಯಲ್ಲ. ಖಾತೆ ಸ್ಥಗಿತವಾಗುತ್ತದೆ, ವಿದ್ಯಾರ್ಥಿವೇತನ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಪಾಸ್‌ಪೋರ್ಟ್‌ಗೂ ಕೆಲಸಕ್ಕೂ ತೊಡಕಾಗುತ್ತದೆ. ಅದಕ್ಕಿಂತ ದೊಡ್ಡದು, ಯಾವುದೋ ವೃದ್ಧ ದಂಪತಿಯ ಜೀವಮಾನದ ಉಳಿತಾಯದ ಕಣ್ಣೀರು ನಿಮ್ಮ ಖಾತೆಯ ಮೂಲಕ ಹರಿದಿರುತ್ತದೆ. ಆ ಹಣದಲ್ಲಿ ಒಂದು ರೂಪಾಯಿಯೂ ಹಲಾಲ್ ಅಲ್ಲ. ನಿಮ್ಮ ಖಾತೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ, ಎರವಲೂ ಕೊಡಬೇಡಿ.

ಕೊನೆಯದಾಗಿ ನಮ್ಮ ಟ್ರಸ್ಟಿನ ಕ್ರಮ ಎಲ್ಲರಿಗೂ ಸ್ಪಷ್ಟವಾಗಿರಲಿ. ಅರ್ಜಿಗೆ, ಪರಿಶೀಲನೆಗೆ, ಮಂಜೂರಾತಿಗೆ ನಾವು ಒಂದು ಪೈಸೆಯನ್ನೂ ಕೇಳುವುದಿಲ್ಲ. ಸರ್ಕಾರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲೂ ಅರ್ಜಿಗೆ ಶುಲ್ಕವಿಲ್ಲ. ಫೋನಿನಲ್ಲಿ ಒಟಿಪಿ, ಪಿನ್ ಕೇಳುವುದಿಲ್ಲ. 'ವಿದ್ಯಾರ್ಥಿವೇತನ ತಪ್ಪಾಗಿ ಬಂದಿದೆ, ತಕ್ಷಣ ವಾಪಸ್ ಹಾಕಿ, ಇಲ್ಲದಿದ್ದರೆ ಕೇಸು' ಎಂದು ಟ್ರಸ್ಟಿನ ಹೆಸರಿನಲ್ಲಿ ಕರೆ ಬಂದರೆ ಅದು ನಮ್ಮದಲ್ಲ. ದಾನಿಗಳಿಗೂ ಇದೇ ಮಾತು. ಝಕಾತ್, ಸದಕಾ ಕೊಡುವ ಖಾತೆ ಬದಲಾಗಿದೆ ಎಂದು ಫೋನಿನಲ್ಲಿ ಯಾರು ಹೇಳಿದರೂ ನಂಬಬೇಡಿ, ಕಚೇರಿಗೆ ಬಂದು ಖಚಿತಪಡಿಸಿಕೊಳ್ಳಿ. ಇಂಥ ಕರೆ ಬಂದು ಹೆದರಿದವರು ಕಚೇರಿಗೆ ಬನ್ನಿ. ದೂರು ಬರೆಯಲು, ಠಾಣೆಗೆ ಜೊತೆಯಲ್ಲಿ ಬರಲು ನಮ್ಮ ಸ್ವಯಂಸೇವಕರಿದ್ದಾರೆ. ನಿಮ್ಮ ಮಾತು ಅಲ್ಲಿಂದ ಊರಿಗೆ ಹರಡುವುದಿಲ್ಲ.

ಇವತ್ತು ಮನೆಗೆ ಹೋದ ಮೇಲೆ, ಈ ಸಭೆಗೆ ಬರಲಾಗದ ಅಜ್ಜ ಅಜ್ಜಿಯರಿಗೆ ಮಕ್ಕಳು ಇದನ್ನು ಓದಿ ಹೇಳಬೇಕು. 1930 ಎಂಬ ನಂಬರನ್ನು ಅವರ ಫೋನಿನಲ್ಲಿ ಉಳಿಸಿಕೊಡಬೇಕು. ಅಲ್ಲಾಹನು ನಿಮ್ಮ ದುಡಿಮೆಯಲ್ಲಿ, ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ, ದಾನಿಗಳ ದಾನವನ್ನು ಸ್ವೀಕರಿಸಲಿ. ಆಮೀನ್.

ವಸ್ಸಲಾಮ್.