ಪಾಡ್‌ಕಾಸ್ಟ್: ಚೊಗರು, ಗ್ರೀನ್ ಟೀ ಮತ್ತು ಕ್ಯಾನ್ಸರ್ ಕೋಶದ ಗಟ್ಟಿತನ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಚೊಗರು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬೇರೆ ಊರಿನ ಕೇಳುಗರಿಗೆ ಹೇಳ್ತೀನಿ: ಹಸಿ ಅಡಿಕೆ ಸುಲಿದು ಬೇಯಿಸಿದಾಗ ಉಳಿಯೋ ಕೆಂಪು, ಒಗರು ನೀರೇ ಚೊಗರು. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯಲ್ಲಿ ಇದರಿಂದ ಬಟ್ಟೆಗೆ ಬಣ್ಣ ಹಾಕ್ತಾರೆ.

ಆ ಒಗರಿಗೆ ಕಾರಣ ಟ್ಯಾನಿನ್, ಕ್ಯಾಟೆಚಿನ್ ಥರದ ಅಂಶಗಳು. ಕ್ಯಾಟೆಚಿನ್ ಒಂದು ಫ್ಲೇವನಾಯ್ಡ್. ಗ್ರೀನ್ ಟೀಯಲ್ಲಿರೋ ಇಜಿಸಿಜಿ ಅದರ ಹತ್ತಿರದ ನೆಂಟ. ಗ್ರೀನ್ ಟೀ ಕ್ಯಾನ್ಸರ್‌ಗೆ ಒಳ್ಳೇದು ಅಂತಾರಲ್ಲ, ಹಾಗಾದ್ರೆ ಅಡಿಕೆನೂ ಒಳ್ಳೇದಾ? ಇವತ್ತಿನ ಪ್ರಶ್ನೆ ಇದು.

ಮೊದಲು ಲ್ಯಾಬ್ ಕತೆ. 2007ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೋಗಿಗಳಿಂದ ತೆಗೆದ ಜೀವಂತ ಕೋಶಗಳನ್ನ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನ ಸೂಕ್ಷ್ಮ ಮೊನೆಯಿಂದ ಒತ್ತಿ ನೋಡಿದ್ರು. ದೇಹದಲ್ಲಿ ಹರಡುವ ಕ್ಯಾನ್ಸರ್ ಕೋಶಗಳು ಆರೋಗ್ಯವಂತ ಕೋಶಗಳಿಗಿಂತ ಶೇ 70ಕ್ಕೂ ಹೆಚ್ಚು ಮೆದುವಾಗಿದ್ದವು. ಕೋಶದ ಆಕಾರ ಹಿಡಿದಿಡೋದು ಒಳಗಿರೋ ಆಕ್ಟಿನ್ ಎಳೆಗಳು, ಮನೆಯ ಕಂಬ-ತೊಲೆ ಇದ್ದ ಹಾಗೆ. ಅದು ಸಡಿಲಾದ್ರೆ ಕೋಶ ಬಳುಕಿ, ಸಂದಿಯಲ್ಲೂ ನುಸುಳಿಕೊಂಡು ಹೋಗುತ್ತೆ. 2011ರಲ್ಲಿ ಅದೇ ತಂಡ ಇಂಥ ಕೋಶಗಳಿಗೆ ಗ್ರೀನ್ ಟೀ ಸಾರ ಹಾಕಿತು. ಮೆದು ಕೋಶಗಳು ಗಟ್ಟಿಯಾದವು. ಆರೋಗ್ಯವಂತ ಕೋಶಗಳು ಹೆಚ್ಚುಕಮ್ಮಿ ಇದ್ದ ಹಾಗೇ ಇದ್ದವು.

ಖುಷಿಯ ವಿಷಯನೇ. ಆದ್ರೆ ಇದೆಲ್ಲ ನಡೆದದ್ದು ಗಾಜಿನ ತಟ್ಟೆಯಲ್ಲಿ. ನಾವು ಕುಡಿದ ಟೀಯಿಂದ ರಕ್ತಕ್ಕೆ ಸೇರೋ ಇಜಿಸಿಜಿ ತೀರಾ ಕಮ್ಮಿ. ಹಾಗಾಗಿ ಇದನ್ನ ಚಿಕಿತ್ಸೆ ಅನ್ನೋ ಹಾಗಿಲ್ಲ.

ಈಗ ನಮ್ಮ ಬಾಯಿಗೆ ಬರೋಣ. ಅಡಿಕೆ ಜಗಿದಾಗ ಅದರಲ್ಲಿರೋ ಅರೆಕೋಲಿನ್, ಕೆನ್ನೆಯ ಒಳಪದರದಲ್ಲಿ ಕೊಲ್ಯಾಜನ್ ನಾರು ಹೆಚ್ಚು ಬೆಳೆಯೋ ಹಾಗೆ ಮಾಡುತ್ತೆ. ಕ್ಯಾಟೆಚಿನ್, ಟ್ಯಾನಿನ್‌ಗಳು ಆ ನಾರು ಸಹಜವಾಗಿ ಕರಗದ ಹಾಗೆ ಹಿಡಿದಿಡ್ತವೆ. ಟ್ಯಾನಿನ್ ಹಾಕಿ ಚರ್ಮ ಹದ ಮಾಡ್ತಾರಲ್ಲ, ಹೆಚ್ಚುಕಮ್ಮಿ ಹಾಗೇ. ಕೆನ್ನೆ ಬಿಗಿಯುತ್ತೆ, ಖಾರ ತಡೆಯೋಕಾಗಲ್ಲ, ಬಾಯಿ ತೆರೆಯೋದು ಕಮ್ಮಿಯಾಗ್ತಾ ಹೋಗುತ್ತೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಇದು ಮುಂದೆ ಬಾಯಿ ಕ್ಯಾನ್ಸರ್ ಆಗಬಹುದು.

ನೋಡಿ, ಎರಡೂ ಕಡೆ ಒಂದೇ ಕುಟುಂಬದ ಫ್ಲೇವನಾಯ್ಡ್, ಎರಡೂ ಕಡೆ ಗಟ್ಟಿತನ. ತಟ್ಟೆಯಲ್ಲಿ ಗಟ್ಟಿಯಾದದ್ದು ಕೋಶ, ಬಾಯಲ್ಲಿ ಗಟ್ಟಿಯಾಗೋದು ಕೋಶದ ಸುತ್ತಲಿನ ಜಾಗ. ಮೊದಲನೆಯದನ್ನ ತೋರಿಸಿ ಎರಡನೆಯದನ್ನ ಮುಚ್ಚೋಕಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ, ತಂಬಾಕು ಇಲ್ಲದಿದ್ರೂ, ಕ್ಯಾನ್ಸರ್‌ಕಾರಕ ಅಂತ ಹೇಳಿದೆ.

ಮಲೆನಾಡಲ್ಲಿ ಎಷ್ಟೋ ಮನೆಗಳ ಅನ್ನ, ಮಕ್ಕಳ ಫೀಸು ಅಡಿಕೆಯಿಂದಲೇ ಬರೋದು. ಈ ಮಾತು ಕಹಿ ಅನ್ನೋದು ಗೊತ್ತು. ಚೊಗರಿನಿಂದ ಬಣ್ಣ ಮಾಡೋ ಥರ, ಜಗಿಯೋದು ಬಿಟ್ಟು ಬೇರೆ ಉಪಯೋಗ ಹುಡುಕೋದು ಬೆಳೆಗಾರರಿಗೂ ಒಳ್ಳೇದೇ.

ಕೊನೆಗೆ ಒಂದು ಕೆಲಸ. ನಿಮ್ಮದೇ ಮೂರು ಬೆರಳು ಜೋಡಿಸಿ, ನೆಟ್ಟಗೆ ಬಾಯೊಳಗೆ ಇಟ್ಟು ನೋಡಿ. ಹಿಡಿಸದಿದ್ರೆ ಗುಟ್ಕಾ, ಅಡಿಕೆ ಇವತ್ತೇ ನಿಲ್ಲಿಸಿ, ಹಲ್ಲಿನ ಡಾಕ್ಟ್ರಿಗೆ ತೋರಿಸಿ. ಮನೆಯಲ್ಲಿ ಕವಳ ಹಾಕೋ ಅಜ್ಜ, ಅಜ್ಜಿಗೂ ಹೇಳಿ. ಮುಂದಿನ ಕಂತಿನಲ್ಲಿ ಸಿಗೋಣ.