ಬರೆಯುವವರಿಗೆ ಒಂದು ತಾವು



ಬಿತ್ತನೆ, ಗೊಬ್ಬರ, ದನಕರುಗಳ ಆರೈಕೆ, ಇವುಗಳ ಮಾತು ನಮ್ಮಲ್ಲಿ ಯಾವಾಗಲೂ ಇದ್ದದ್ದೇ. ಇವತ್ತು ನಾನು ಹೇಳಹೊರಟಿರುವುದು ಬೇರೊಂದು ಬೆಳೆಯ ವಿಚಾರ. ಅದಕ್ಕೆ ಎಕರೆಗಟ್ಟಲೆ ನೆಲ ಬೇಡ. ಒಂದು ಚಾಪೆ ಹಾಸುವಷ್ಟು ಜಾಗವಿದ್ದರೆ ಸಾಕು. ಮನೆಯಲ್ಲಿ ಬರೆಯುವವರಿದ್ದರೆ ಅವರು ಎಲ್ಲಿ ಕೂತು ಬರೆಯಬೇಕು? ಎಂಥ ತಾವು ಅವರಿಗೆ ಒಳ್ಳೆಯದು? ಇದೇ ಇವತ್ತಿನ ಮಾತು.

“ನಾವು ಮಣ್ಣು ಗೇಯೋ ಜನ, ನಮ್ಮನೇಲಿ ಬರೆಯೋರು ಯಾರಿದಾರೆ ಸ್ವಾಮೀ” ಅಂತ ನೀವು ಕೇಳಬಹುದು. ಕೊಂಚ ಹುಡುಕಿ ನೋಡಿ. ಭಜನೆಗೆ ಹೊಸ ಪದ ಕಟ್ಟುವ ಚಿಕ್ಕಪ್ಪ ಇರುತ್ತಾರೆ. ಊರ ಹಬ್ಬದ ನಾಟಕಕ್ಕೆ ಮಾತು ಬರೆದುಕೊಡುವ ಹುಡುಗ ಇರುತ್ತಾನೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಕತೆ ಬರೆದು, ಯಾರಾದರೂ ಬಂದರೆ ಸೆರಗಿನಡಿ ಮುಚ್ಚಿಡುವ ಸೊಸೆಯೂ ಇರುತ್ತಾಳೆ. ಊರಿಗೆ ಒಬ್ಬಿಬ್ಬರಾದರೂ ಇಂಥವರು ಸಿಕ್ಕೇ ಸಿಗುತ್ತಾರೆ.

ಇವರನ್ನು ಕೇಳಿ ನೋಡಿ. “ಈ ಗಲಾಟೇಲಿ ಏನು ಬರೆಯೋದು? ದೂರ ಎಲ್ಲಾದರೂ ಹೋಗಿ ಒಂದು ತಿಂಗಳು ಒಬ್ಬನೇ ಇದ್ದರೆ ದೊಡ್ಡ ಪುಸ್ತಕವನ್ನೇ ಬರೆದುಬಿಡುತ್ತಿದ್ದೆ” ಎನ್ನುತ್ತಾರೆ. ಆ ದೂರದ ಜಾಗ ಅವರ ಕಣ್ಣಿಗೆ ಕಟ್ಟಿದೆ. ಬೆಟ್ಟದ ಮಗ್ಗುಲಲ್ಲಿ ಒಂದು ಹೆಂಚಿನ ಮನೆ. ಮುಂದೆ ಹಳ್ಳ ಹರಿಯುತ್ತದೆ. ಬಾಗಿಲು ತಟ್ಟುವವರಿಲ್ಲ. ಹೊತ್ತು ಹೊತ್ತಿಗೆ ಯಾರೋ ಕಾಫಿ ತಂದಿಟ್ಟು ಸದ್ದಿಲ್ಲದೆ ಹೋಗುತ್ತಾರೆ.

ಒಂದು ತಮಾಷೆ ನೋಡಿ. ಪಟ್ಟಣದಲ್ಲಿ ಕೂತು ಬರೆಯುವವರೂ ಇದೇ ಕನಸು ಕಾಣುತ್ತಾರೆ. ಅವರ ಕನಸಿನ ಬೆಟ್ಟದ ಮನೆ ನಮ್ಮ ಹಳ್ಳಿಯಲ್ಲಿದೆ! ನಮ್ಮ ತೋಟದ ಮನೆಯಲ್ಲಿ ಎರಡು ದಿನ ಇರಲು ದುಡ್ಡು ಕೊಟ್ಟು ಬರುತ್ತಾರೆ. ನಮ್ಮ ಹುಡುಗ ಮಾತ್ರ ಬರೆಯುವುದಕ್ಕೆ ಬೆಂಗಳೂರಿನ ಕೋಣೆಯೇ ಬೇಕು ಅಂತಾನೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಸುಮ್ಮನೆ ಹುಟ್ಟಿತೇ?

ಹಾಗಾದರೆ ಬರೆಯುವವರಿಗೆ ನಿಜವಾಗಿ ಒದಗಿಬಂದ ತಾವು ಎಂಥದು? ನಿಜವಾಗಿ ಹಾಗೆ ಹೋಗಿ ಇದ್ದವನೊಬ್ಬನ ಲೆಕ್ಕ ತೆಗೆದು ನೋಡೋಣ.

ಅಮೆರಿಕ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಕಾನ್‌ಕಾರ್ಡ್ ಎಂಬ ಊರು. ಅಲ್ಲಿ ಹೆನ್ರಿ ಡೇವಿಡ್ ಥೋರೋ ಎಂಬ ಲೇಖಕನಿದ್ದ. ದಕ್ಷಿಣ ಆಫ್ರಿಕದಲ್ಲಿದ್ದಾಗ ಗಾಂಧೀಜಿಯವರು ಓದಿ ಮೆಚ್ಚಿಕೊಂಡ ಥೋರೋ ಈತನೇ. 1845ರ ಜುಲೈ 4ರಂದು ಈತ ಊರ ಹೊರಗಿನ ವಾಲ್ಡನ್ ಕೊಳದ ದಡಕ್ಕೆ ಹೋಗಿ ನೆಲಸಿದ. ಜಾಗ ಗೆಳೆಯನದು, ಮನೆ ತಾನೇ ಕಟ್ಟಿಕೊಂಡದ್ದು. ಎಷ್ಟು ದೊಡ್ಡ ಮನೆ ಅಂತೀರಿ? 10 ಅಡಿ ಅಗಲ, 15 ಅಡಿ ಉದ್ದ. ನಮ್ಮಲ್ಲಿ ಒಂದು ಜೊತೆ ಎತ್ತು ಕಟ್ಟುವ ಕೊಟ್ಟಿಗೆಯಷ್ಟು! ಕಟ್ಟಲು ಆದ ಖರ್ಚು 28 ಡಾಲರು 12 ಸೆಂಟು ಚಿಲ್ಲರೆ. ಒಳಗೆ ಒಂದು ಮಂಚ, ಒಂದು ಮೇಜು, ಬರೆಯಲು ಒಂದು ಡೆಸ್ಕು, ಮೂರು ಕುರ್ಚಿ.

ಅಲ್ಲಿ ಆತ ಸುಮ್ಮನೆ ಕೂತು ಬರೆದನೇ? ಇಲ್ಲ. ಸುಮಾರು ಎರಡೂವರೆ ಎಕರೆ ನೆಲದಲ್ಲಿ ಬೇಸಾಯ ಹೂಡಿದ. ಹೆಚ್ಚಿನ ಪಾಲು ಬೀನ್ಸು. ಸ್ವಲ್ಪ ಆಲೂಗೆಡ್ಡೆ, ಮುಸುಕಿನ ಜೋಳ, ಬಟಾಣಿ. ಗೊಬ್ಬರ ಹಾಕಲಿಲ್ಲ. ಬೆಳಗಿನ ಹೊತ್ತೆಲ್ಲ ಕಳೆ ಕೀಳುವುದರಲ್ಲೇ ಹೋಗುತ್ತಿತ್ತು. ಬಿಲದಲ್ಲಿರುವ ಹೆಗ್ಗಣದಂಥ ಪ್ರಾಣಿಯೊಂದು ಕಾಲೆಕರೆ ಬೆಳೆಯನ್ನು ತಿಂದುಹಾಕಿತು. ಈ ಸಂಕಟ ನಿಮಗೆ ನಾನು ಬಿಡಿಸಿ ಹೇಳಬೇಕೆ? ವರ್ಷದ ಕೊನೆಗೆ ಲೆಕ್ಕ ಬರೆದ. ಖರ್ಚು 14 ಡಾಲರು 72 ಸೆಂಟು ಚಿಲ್ಲರೆ. ಹುಟ್ಟುವಳಿ 23 ಡಾಲರು 44 ಸೆಂಟು. ಉಳಿದದ್ದು 8 ಡಾಲರು 71 ಸೆಂಟು ಚಿಲ್ಲರೆ. ಮೊದಲ ಬೇಸಗೆಯಲ್ಲಿ ತಾನು ಪುಸ್ತಕ ಓದಲಿಲ್ಲ, ಬೀನ್ಸಿನ ಹೊಲದಲ್ಲಿ ಕಳೆ ಕಿತ್ತೆ ಎಂದು ಆತನೇ ಬರೆದಿಟ್ಟಿದ್ದಾನೆ.

ಆತ ಊರು ಬಿಟ್ಟು ದೂರವೂ ಹೋಗಿರಲಿಲ್ಲ. ನಡೆದುಕೊಂಡೇ ಊರಿಗೆ ಹೋಗಿಬರುತ್ತಿದ್ದ. ಎರಡು ದಿನಕ್ಕೊಮ್ಮೆಯಾದರೂ ಹೋಗಿ ಅಲ್ಲಿನ ಸುದ್ದಿ ಕೇಳಿ ಬರುತ್ತಿದ್ದ. ಮನೆಗೆ ಬಂದವರನ್ನು ಕೂರಿಸಿ ಮಾತಾಡಿಸುತ್ತಿದ್ದ. 1847ರ ಸೆಪ್ಟೆಂಬರಿನಲ್ಲಿ ಆ ಮನೆ ಬಿಟ್ಟ. ಇದ್ದದ್ದು ಎರಡು ವರ್ಷ ಎರಡು ತಿಂಗಳು. ಆ ಬಾಳಿನ ಕತೆಯಾದ ‘ವಾಲ್ಡನ್’ ಪುಸ್ತಕ ಹೊರಬಂದದ್ದು 1854ರಲ್ಲಿ. ಕೊಳದ ದಡದಲ್ಲಿ ಬಿದ್ದ ಬೀಜ. ತಿದ್ದಿ ತಿದ್ದಿ ಬರೆದು ಕೊಯ್ಲಿಗೆ ಬರಲು ಇನ್ನೂ ಏಳು ವರ್ಷ ಹಿಡಿಯಿತು.

ಇದರಿಂದ ತಿಳಿಯುವುದೇನು? ಆತನಿಗೆ ಬೇಕಾಗಿದ್ದುದು ನಾಲ್ಕೇ: ಒಂದು ಸಣ್ಣ ಜಾಗ, ತನ್ನದೇ ಆದ ಒಂದಿಷ್ಟು ಹೊತ್ತು, ಕೈಗೆ ಕೆಲಸ, ಮರಳಿ ಜನರ ನಡುವೆ ಬರಲು ಒಂದು ದಾರಿ. ಈ ನಾಲ್ಕರಲ್ಲಿ ಕೆಲಸ ಮತ್ತು ದಾರಿ ನಮ್ಮ ಹಳ್ಳಿಯ ಮನೆಯಲ್ಲಿ ಬೇಕಾದಷ್ಟಿವೆ. ಕೊರತೆ ಇರುವುದು ಜಾಗಕ್ಕೆ ಮತ್ತು ಹೊತ್ತಿಗೆ.

ಅಮೆರಿಕದ ಮಾತು ಅಲ್ಲಿರಲಿ, ನಮ್ಮವರನ್ನೇ ನೋಡೋಣ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯಿದೆ. ಆಗ ಅದು ಒಕ್ಕಲು ಮಕ್ಕಳ ತುಂಬಿದ ಮನೆಯಾಗಿತ್ತು. ಮನೆಯ ಹತ್ತಿರದ ಗುಡ್ಡದ ನೆತ್ತಿಯಲ್ಲಿ ಬಂಡೆಗಳಿವೆ, ಅದೇ ಕವಿಶೈಲ. ಕವಿಗಳು ಹೋಗಿ ಕೂರುತ್ತಿದ್ದ ಜಾಗ ಅದು. ಮನೆಯಿಂದ ನಡೆದು ಹೋಗುವಷ್ಟೇ ದೂರ. ಅವರು ಬಹುಕಾಲ ಇದ್ದದ್ದು ಮೈಸೂರಿನಲ್ಲಿ. ಆದರೆ ‘ಕಾನೂರು ಹೆಗ್ಗಡಿತಿ’ಯಲ್ಲೂ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲೂ ತುಂಬಿಕೊಂಡಿರುವುದು ಮಲೆನಾಡಿನ ಗದ್ದೆ, ತೋಟ, ಆಳು, ಒಡೆಯ, ಮಳೆ. ಕೂತ ಜಾಗ ಯಾವುದಾದರೂ ಇರಲಿ, ಕಣಜ ತುಂಬಿದ್ದು ಹಳ್ಳಿಯಲ್ಲಿ.

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಸುಮಾರು ನಾಲ್ಕು ದಶಕ ಇದ್ದರು. ಅಲ್ಲಿ ಅವರು ಬರೆದುಕೊಂಡಷ್ಟೇ ಇರಲಿಲ್ಲ. ಮಕ್ಕಳ ಶಿಕ್ಷಣ, ನಾಟಕ, ಯಕ್ಷಗಾನ ಎಂದು ನೂರು ಕೆಲಸ ಹಚ್ಚಿಕೊಂಡಿದ್ದರು. ಕಾಡಿನ ನಡುವೆ ತೋಟ ಮಾಡಿದ ಮುದುಕರ ಬಾಳನ್ನು ಹೇಳುವ ‘ಬೆಟ್ಟದ ಜೀವ’ ಅವರದೇ ಕಾದಂಬರಿ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಮೈಸೂರಿನಲ್ಲಿ ಎಂ.ಎ. ಓದಿದವರು, ಮೂಡಿಗೆರೆ ಕಡೆಗೆ ಹೋಗಿ ಕಾಫಿ ತೋಟ ಮಾಡಿದರು. 1980ರಲ್ಲಿ ಬಂದ ಅವರ ‘ಕರ್ವಾಲೊ’ದಲ್ಲಿ ಜೇನು ಸಾಕುವ ಮಂದಣ್ಣ ಬರುತ್ತಾನೆ, ಹಾರುವ ಓತಿ ಬರುತ್ತದೆ, ತೋಟದ ತಾಪತ್ರಯವೆಲ್ಲ ಬರುತ್ತದೆ. ತೋಟದ ಕಷ್ಟವನ್ನು ಬಿಟ್ಟು ಬರೆಯಲು ಓಡಲಿಲ್ಲ. ಆ ಕಷ್ಟವನ್ನೇ ಬರೆದರು.

ಹೆಣ್ಣುಮಕ್ಕಳ ಮಾತಿಗೆ ಬಂದರೆ ಕೊಡಗಿನ ಗೌರಮ್ಮನವರನ್ನು ನೆನೆಯಬೇಕು. ಅವರ ಯಜಮಾನರು ಕೊಡಗಿನ ಕಾಫಿ ತೋಟವೊಂದರ ಮ್ಯಾನೇಜರಾಗಿದ್ದರು. ಸಂಸಾರ ನಡೆಸಿಕೊಂಡೇ ಗೌರಮ್ಮನವರು ಕತೆ ಬರೆದರು. 1912ರಲ್ಲಿ ಹುಟ್ಟಿ 1939ರಲ್ಲೇ ತೀರಿಕೊಂಡರು; ‘ಕಂಬನಿ’ ಎಂಬ ಅವರ ಕಥಾಸಂಗ್ರಹ ಅಚ್ಚಾದದ್ದು ಆಮೇಲೆ. ಅವರಿಗೆ ಬರೆಯಲು ಹೊತ್ತೇ ಸಿಗದಿದ್ದರೆ ಕನ್ನಡಕ್ಕೆ ಆ ಕತೆಗಳೆಲ್ಲಿ ಸಿಗುತ್ತಿದ್ದವು?

ಈಗ ನಮ್ಮ ಮನೆಯಲ್ಲಿ ಏನು ಮಾಡಬಹುದು, ನೋಡೋಣ.

ಮೊದಲನೆಯದು ಜಾಗ. ಅಟ್ಟದ ಮೇಲೆ ಕಿಟಕಿಯ ಮಗ್ಗುಲು, ಜಗಲಿಯ ಒಂದು ಮೂಲೆ, ಕಣದ ಗುಡಿಸಲು, ಬೆಳೆ ಕಾಯುವ ಅಟ್ಟಣೆ, ಇವುಗಳಲ್ಲಿ ಯಾವುದಾದರೂ ಆದೀತು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬೀಳಲಿ. ಕೈಯ ನೆರಳು ಅಕ್ಷರದ ಮೇಲೆ ಬರುವುದಿಲ್ಲ. ಕೀಟನಾಶಕ, ಗೊಬ್ಬರದ ಚೀಲ ಇಟ್ಟಿರುವ ಕೋಣೆಯಲ್ಲಿ ಮಾತ್ರ ಕೂರಬೇಡಿ. ಅಲ್ಲಿನ ಗಾಳಿ ಮೈಗೆ ಒಳ್ಳೆಯದಲ್ಲ. ಹುಲ್ಲಿನ ಬಣವೆಯ ಹತ್ತಿರ ದೀಪ ಹಚ್ಚಿಕೊಂಡು ಕೂರುವುದೂ ಬೇಡ.

ಎರಡನೆಯದು ಹೊತ್ತು. ನಾಟಿ, ಕಳೆ, ಕೊಯ್ಲು ಬಂದಾಗ ಮನೆಮಂದಿಯೆಲ್ಲ ಗದ್ದೆಗೆ ಇಳಿಯಲೇಬೇಕು. ಆಗ “ನಾನು ಬರೀಬೇಕು” ಅಂತ ಯಾರೂ ಅಟ್ಟ ಹತ್ತಿ ಕೂರುವಂತಿಲ್ಲ. ಆದರೆ ಬೇಸಾಯಕ್ಕೆ ಬಿಡುವೂ ಉಂಟು. ಒಕ್ಕಣೆ ಮುಗಿದು ಕಾಳು ಕಣಜಕ್ಕೆ ಬಿದ್ದ ಮೇಲೆ ಕೆಲವು ವಾರ ಸಿಗುತ್ತವೆ. ಅದು ದೊಡ್ಡ ಬರವಣಿಗೆಯ ಹಂಗಾಮು. ಉಳಿದ ದಿನ ಬೆಳಗ್ಗೆ ಹಾಲು ಕರೆಯುವುದಕ್ಕೆ ಮುಂಚೆ ಒಂದು ಗಂಟೆಯೋ, ಇಲ್ಲವೆ ರಾತ್ರಿ ಊಟವಾದ ಮೇಲೆ ಒಂದು ಗಂಟೆಯೋ ಗೊತ್ತುಮಾಡಿ. ದಿನಾ ಒಂದೇ ಹೊತ್ತು ಇರಲಿ. ಆ ಒಂದು ಗಂಟೆ ಮೊಬೈಲು ಬೇರೆ ಕೋಣೆಯಲ್ಲಿರಲಿ.

ಮೂರನೆಯದು ಬರೆದದ್ದನ್ನು ಕಾಪಾಡುವುದು. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿಯುತ್ತದೆ, ಗೋಡೆಗೆ ತಾಗಿಸಿಟ್ಟರೆ ಗೆದ್ದಲು ಹತ್ತುತ್ತದೆ. ಒಂದು ತಗಡಿನ ಟ್ರಂಕಿನಲ್ಲಿ ಒಣಗಿದ ಬೇವಿನ ಸೊಪ್ಪು ಹಾಕಿ, ನೆಲದಿಂದ ಎತ್ತರಕ್ಕೆ ಇಡಿ. ಬಿತ್ತನೆ ಬೀಜ ಕಾಪಾಡುವಷ್ಟೇ ಜೋಪಾನ ಇದಕ್ಕೂ ಬೇಕು.

ನಾಲ್ಕನೆಯ ಮಾತು ಮನೆಯ ಹಿರಿಯರಿಗೆ. ಒಂದು ಗಂಟೆ ಬರೆದು ಎದ್ದವನನ್ನು “ಏನು ಕಡಿದು ಕಟ್ಟೆ ಹಾಕಿದೆ?” ಅಂತ ಕೇಳಬೇಡಿ. ಬಿತ್ತಿದ ಮಾರನೆಯ ದಿನವೇ ಮಣ್ಣು ಕೆದಕಿ ನೋಡುತ್ತೀರಾ? ಅತ್ತೆಯಂದಿರಿಗೂ ಒಂದು ಮಾತು, ತಾಯೀ. ಮಗ ಬರೆಯುತ್ತಿದ್ದರೆ ಎಲ್ಲರೂ ಸದ್ದಿಲ್ಲದೆ ಓಡಾಡುತ್ತೀರಿ. ಸೊಸೆ ಕೂತರೆ ಆಗಲೇ ಪಾತ್ರೆಯ ನೆನಪಾಗುತ್ತದೆ. ದಿನಕ್ಕೆ ಒಂದು ಗಂಟೆ ಒಲೆಯ ಮುಂದೆ ನೀವು ಕೂತು ಅವಳನ್ನು ಕಳಿಸಿಕೊಡಿ. ಆ ಒಂದು ಗಂಟೆಯೇ ಅವಳ ಬೆಟ್ಟ, ಅವಳ ಹಳ್ಳ, ಅವಳ ಹೆಂಚಿನ ಮನೆ.

ಬರೆಯುವವರಿಗೂ ಒಂದು ಮಾತಿದೆ. ಮನೆಯವರು ಬಿಟ್ಟುಕೊಟ್ಟ ಹೊತ್ತು ಪುಕ್ಕಟೆಯಲ್ಲ. ಅವರಿಗೆ ಗೊತ್ತಿರುವುದನ್ನು ಬರೆಯಿರಿ. ಯಾವ ಗದ್ದೆಗೆ ಯಾವ ಹೆಸರು, ಯಾಕೆ ಆ ಹೆಸರು ಬಂತು. ನಿಮ್ಮಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದ ಯಾವುದು. ಯಾವ ಮಳೆಗೆ ಯಾವ ಬಿತ್ತನೆ. ಬತ್ತಿಹೋದ ಬಾವಿಯನ್ನು ತೋಡಿದವರು ಯಾರು. ಒಬ್ಬ ಮುದುಕಿ ಕಣ್ಣು ಮುಚ್ಚಿದರೆ ಇಷ್ಟೂ ಅವಳ ಜೊತೆಯಲ್ಲೇ ಹೋಗುತ್ತದೆ. ಮತ್ತೆ ಬಿತ್ತಿ ಬೆಳೆಯೋಣವೆಂದರೆ ಬೀಜ ಸಿಕ್ಕದು. ಹೊರಗಿನಿಂದ ಬಂದು ತೋಟದ ಮನೆಯಲ್ಲಿ ಎರಡು ದಿನ ಇದ್ದು ಹೋಗುವವರಿಗೆ ಇದು ತಿಳಿಯುವುದಿಲ್ಲ. ನಿಮಗೆ ತಿಳಿದಿದೆ, ನೀವು ಕೇಳಿ ಬರೆದಿಡಬೇಕು.

ದೂರದ ಬೆಟ್ಟಕ್ಕೆ ಹೋಗುವ ಅನುಕೂಲ ಇದ್ದವರು ಹೋಗಿಬರಲಿ, ಬೇಡ ಅನ್ನುವುದಿಲ್ಲ. ಹತ್ತು ಊರು ನೋಡಿದರೆ ಕಣ್ಣು ತೆರೆಯುತ್ತದೆ. ಆದರೆ ಆ ದಿನ ಬರಲಿ ಎಂದು ಕಾಯುತ್ತ ಕೂರುವುದು ಬೇಡ. ಈ ವಾರವೇ ಮನೆಮಂದಿ ಕೂತು ಮಾತಾಡಿ ಒಂದು ಮೂಲೆ, ಒಂದು ಗಂಟೆ ಗೊತ್ತುಮಾಡಿ. ಒಂದು ನೋಟುಪುಸ್ತಕ, ಒಂದು ಪೆನ್ನು ತಂದಿಡಿ. ಅಲ್ಲಿ ಬರೆದದ್ದನ್ನು ಹಬ್ಬದ ದಿನ ಎಲ್ಲರೂ ಕೂಡಿದಾಗ ಗಟ್ಟಿಯಾಗಿ ಓದಿಸಿ ಕೇಳಿ.